ಕೆಚ್ಚು, ಮಡಿಕೆ, ತೇಪೆ: ದುರಸ್ತಿಗೆ ಎಡೆಯಿಟ್ಟ ಉಡುಪಿನ ಜಾನಪದ ವಿವೇಚನೆ

ಜನಪದರ ಉಡುಗೆ ತೊಡುಗೆಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಅಲಂಕಾರ, ಬಣ್ಣ, ಸಮುದಾಯದ ಗುರುತು ಹಾಗೂ ಆಚರಣೆಯ ಸಂದರ್ಭಗಳ ಸುತ್ತಲೇ ನಡೆದಿವೆ. ಮದುವೆಯಲ್ಲಿ ಉಡುವ ಸೀರೆ ಯಾವುದು, ದೇವರ ಗುಡ್ಡರು ತೊಡುವ ವೇಷ ಯಾವುದು ಎಂಬುದನ್ನು ನಾವು ಶ್ರದ್ಧೆಯಿಂದ ದಾಖಲಿಸಿದ್ದೇವೆ. ಆದರೆ ಉಟ್ಟ ಬಟ್ಟೆ ಎಲ್ಲಿ ಮೊದಲು ಸವೆಯುತ್ತದೆ, ಸವೆದಾಗ ಅದನ್ನು ಹೇಗೆ ಸರಿಪಡಿಸುತ್ತಾರೆ, ಹಾಗೆ ಸರಿಪಡಿಸಲು ಅನುಕೂಲವಾಗುವಂತೆ ಅದನ್ನು ಮೊದಲೇ ಹೇಗೆ ರಚಿಸಿರುತ್ತಾರೆ ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ಸಂದಿಲ್ಲ. ದುರಸ್ತಿಯನ್ನು ಬಡತನದ ಅನಿವಾರ್ಯತೆಯೆಂದು ಬಗೆದು ಬದಿಗಿಟ್ಟಿರುವುದು ಇದಕ್ಕೆ ಮುಖ್ಯ ಕಾರಣ.

ಪ್ರಸ್ತುತ ಪ್ರಬಂಧದ ಉದ್ದೇಶ ಈ ಕೊರತೆಯ ಕಡೆಗೆ ವಿದ್ವಾಂಸರ ಗಮನ ಸೆಳೆಯುವುದು. ಇಲ್ಲಿ ಮುಂದಿಡುವ ವಾದ ಸರಳವಾದುದು: ನಮ್ಮ ಸಾಂಪ್ರದಾಯಿಕ ವಸ್ತ್ರಪರಂಪರೆಯಲ್ಲಿ ದುರಸ್ತಿಯೆಂಬುದು ಬಟ್ಟೆ ಹರಿದ ಮೇಲೆ ಆರಂಭವಾಗುವ ಕೆಲಸವಲ್ಲ, ಅದು ನೂಲು ತೆಗೆಯುವಾಗಲೇ, ಮಗ್ಗ ಹೂಡುವಾಗಲೇ, ಬಟ್ಟೆ ಕತ್ತರಿಸುವಾಗಲೇ ಆರಂಭವಾಗಿರುತ್ತದೆ. ಬಾಳಿಕೆಯು ನೂಲಿನ ಗಟ್ಟಿತನವೊಂದರಿಂದಲೇ ಬರುವುದಿಲ್ಲ; ಬಟ್ಟೆಯೊಳಗೆ ಮರುಹೊಲಿಗೆಗೆ ಇರಿಸಿದ ಎಡೆಯಿಂದ ಬರುತ್ತದೆ. ಈ ಮಾತನ್ನು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯನ್ನು ಆರಂಭಬಿಂದುವಾಗಿಟ್ಟುಕೊಂಡು, ಕರ್ನಾಟಕದ ಇತರ ಭಾಗಗಳ ನಿದರ್ಶನಗಳೊಂದಿಗೆ ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

1. ಪ್ರದೇಶ ಮತ್ತು ನೂಲು

ಮಾಂಬಳ್ಳಿ ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮೊದಲು ಈ ಸೀಮೆಯ ಆಡಳಿತದ ಎಲ್ಲೆಗಳು ಹಲವು ಬಾರಿ ಬದಲಾಗಿವೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಪ್ರದೇಶ. ಅದಕ್ಕೆ ತಗುಲಿಕೊಂಡೇ ಇರುವ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲದಿಂದ ಬೇರ್ಪಟ್ಟ ಹನೂರು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ಆಡಳಿತದ ಎಲ್ಲೆ ಏನೇ ಇದ್ದರೂ ಈ ಮೂರೂ ತಾಲ್ಲೂಕುಗಳ ಬದುಕನ್ನು ಬಹುಕಾಲ ಬೆಸೆದದ್ದು ಹಿಪ್ಪುನೇರಳೆ ಮತ್ತು ರೇಷ್ಮೆ. ಮದರಾಸು ಪ್ರಾಂತ್ಯದ ರೇಷ್ಮೆ ಕೃಷಿಯಲ್ಲಿ ಕೊಳ್ಳೇಗಾಲದ್ದು ಪ್ರಮುಖ ಸ್ಥಾನವಾಗಿತ್ತು. ಸರಕಾರಿ ನೂಲು ತೆಗೆಯುವ ಕಾರ್ಖಾನೆಗಳನ್ನು ಕಂಡ ಊರುಗಳಲ್ಲಿ ಮಾಂಬಳ್ಳಿಯೂ ಒಂದು.

ನೂಲು ಬಿಚ್ಚಾಣಿಕೆಯ ಕ್ರಮವನ್ನು ಗಮನಿಸಿದರೆ ನಮ್ಮ ವಿಷಯದ ಮೊದಲ ಎಳೆ ಅಲ್ಲಿಯೇ ಸಿಗುತ್ತದೆ. ನಾಡತಳಿಯ ಒಂದು ಗೂಡಿನಿಂದ ಸುಮಾರು 300ರಿಂದ 400 ಮೀಟರ್ ಉದ್ದದ ಎಳೆ ಬರುತ್ತದೆ. ದ್ವಿತಳಿಯ ಗೂಡಿನಿಂದ 1000 ಮೀಟರಿಗೂ ಹೆಚ್ಚು ಬರುವುದುಂಟು. ಒಂಟಿ ಎಳೆ ನೇಯ್ಗೆಗೆ ಬಾರದಷ್ಟು ನವುರಾದುದರಿಂದ ಬಿಸಿನೀರಿನಲ್ಲಿ ತೇಲುವ ಎಂಟು ಹತ್ತು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ಒಂದು ನೂಲು ಮಾಡುತ್ತಾರೆ. ಒಂದು ಗೂಡು ಮುಗಿಯುತ್ತಿದ್ದಂತೆ ಬಿಚ್ಚುವವರು ಇನ್ನೊಂದು ಗೂಡಿನ ತುದಿಯನ್ನು ಹಿಡಿದು ಓಡುತ್ತಿರುವ ಗುಂಪಿಗೆ ಸೇರಿಸುತ್ತಾರೆ. ರೇಷ್ಮೆಯ ಸಹಜವಾದ ಅಂಟು ಅದನ್ನು ಬೆಸೆಯುತ್ತದೆ. ಎಳೆ ಕಡಿದರೆ ಚರಕವನ್ನು ನಿಲ್ಲಿಸಿ ತುದಿ ಹುಡುಕಿ ಕೂಡಿಸುತ್ತಾರೆ. ಅಖಂಡವೆಂದು ನಮಗೆ ಕಾಣುವ ರೇಷ್ಮೆ ನೂಲು ವಾಸ್ತವವಾಗಿ ನೂರಾರು ಕೂಡಿಕೆಗಳ ಸಾಲು. ಕಡಿದುದನ್ನು ಕೂಡಿಸುವುದು ಇಲ್ಲಿ ದೋಷವಲ್ಲ, ಕಸುಬಿನ ನಿತ್ಯಕ್ರಮ. ನೂಲು ಬಿಚ್ಚುವವರ ಕೌಶಲವನ್ನು ಅಳೆಯುವುದೂ ಎಳೆ ಕಡಿಯಿತೇ ಇಲ್ಲವೇ ಎಂಬುದರಿಂದಲ್ಲ. ಕೂಡಿಸಿದ ಜಾಗ ಕೈಗೆ ಸಿಗುತ್ತದೆಯೇ ಎಂಬುದರಿಂದ.

2. ಮಗ್ಗದಲ್ಲಿ ಕೆಚ್ಚು

ನೂಲಿನಿಂದ ಮಗ್ಗಕ್ಕೆ ಬಂದಾಗ ಇದೇ ತತ್ತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಹಾಸು ನೇಯ್ದು ಮುಗಿದಾಗ ನೇಕಾರರು ಹಣಿಗೆಯಲ್ಲಿ ಹಳೆಯ ಹಾಸಿನ ತುದಿಗಳನ್ನು ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಈ ಕ್ರಿಯೆಗೆ ಕನ್ನಡದಲ್ಲಿ ‘ಕೆಚ್ಚುವುದು’ ಎಂಬ ಸ್ವತಂತ್ರ ಪದವೇ ಇದೆ. ಮರದ ತಿರುಳು ಎಂಬ ಅರ್ಥದ, ‘ಕೆಚ್ಚೆದೆ’ಯಲ್ಲಿರುವ ಕೆಚ್ಚು ಬೇರೆ, ನೇಕಾರರ ಕೆಚ್ಚು ಬೇರೆ. ಸಾವಿರಾರು ಎಳೆಗಳನ್ನು ಹೀಗೆ ಒಂದೊಂದಾಗಿ ಕೆಚ್ಚುವುದು ಬಹುಮಟ್ಟಿಗೆ ಮನೆಯ ಹೆಂಗಸರ ಕೆಲಸ. ನೇಯ್ದವನ ಹೆಸರು ಹೇಳುವಷ್ಟು ಸಲೀಸಾಗಿ ಕೆಚ್ಚಿದವಳ ಹೆಸರನ್ನು ಯಾರೂ ಹೇಳುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಹಾಸು ಮುಗಿದಲ್ಲಿ ಮಾತ್ರವಲ್ಲದೆ ಬಟ್ಟೆಯ ಅಂಗಗಳನ್ನು ಕೂಡಿಸುವಲ್ಲಿಯೂ ಈ ವಿದ್ಯೆಯ ಬೇರೊಂದು ರೂಪವನ್ನು ಕಾಣಬಹುದು. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎರಡರ ಎಳೆಗಳನ್ನು ಕುಣಿಕೆಗಳ ಸಾಲಿನಿಂದ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ. ತೋಪ ತೆನಿ ಎಂದು ಹೆಸರಾದ ಈ ವಿಧಾನದಿಂದಾಗಿ ಒಂದು ಸಲಕ್ಕೆ ಒಂದು ಸೀರೆಗೆ ಸಾಲುವಷ್ಟು ಹಾಸನ್ನು ಮಾತ್ರ ಹೂಡಲು ಸಾಧ್ಯ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಎಂಬ ವಿಂಗಡಣೆ ಇದರಿಂದ ಸಾಧ್ಯವಾಗಿದೆ. ಹೆಚ್ಚು ತೊಳೆತ ತಿನ್ನುವ ಭಾಗಕ್ಕೆ ತೊಳೆತ ತಾಳುವ ನೂಲು, ಕಾಣುವ ಭಾಗಕ್ಕೆ ಬೆಲೆಯ ನೂಲು ಎಂಬ ಲೆಕ್ಕಾಚಾರ ಇದರಲ್ಲಿ ಅಡಗಿದೆ. ಒಂದು ವಸ್ತ್ರದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ ಎಂಬ ಅರಿವೇ ಬಾಳಿಕೆಯ ವಿನ್ಯಾಸದ ಮೊದಲ ಪಾಠ.

ಅಂಚಿನ ವಿಚಾರವೂ ಹೀಗೆಯೇ. ಮಗ್ಗದ ಮೇಲೆ ಹೊಕ್ಕಿನ ನೂಲು ಎರಡೂ ಕೊನೆಗಳಲ್ಲಿ ಹಿಂದಿರುಗಿ ಬರುವುದರಿಂದ ಅಂಚಿನಲ್ಲಿ ಬಿಟ್ಟ ತುದಿಗಳಿರುವುದಿಲ್ಲ. ಅಲ್ಲಿ ಎಳೆ ಬಿಚ್ಚಿಕೊಳ್ಳುವುದಿಲ್ಲ. ಕರೆ ಅಥವಾ ಅಂಚಿಗೆ ಒತ್ತಾಗಿ ಎಳೆ ಹಾಕುವುದು ಅಂದಕ್ಕೆ ಎಷ್ಟೋ ಗಟ್ಟಿತನಕ್ಕೂ ಅಷ್ಟೇ. ಬಿಚ್ಚಿಕೊಳ್ಳುವ ಅಪಾಯ ಇರುವುದು ಬಟ್ಟೆಯನ್ನು ಮಗ್ಗದಿಂದ ಕೊಯ್ದ ತುದಿಗಳಲ್ಲಿ. ಸೆರಗಿನ ತುದಿಯ ಎಳೆಗಳನ್ನು ಗಂಟು ಹಾಕಿ ಕುಚ್ಚು ಕಟ್ಟುವ ಪದ್ಧತಿಯ ಮೂಲ ಪ್ರಯೋಜನ ಇದೇ. ಇಂದು ಕುಚ್ಚು ಸಂಪೂರ್ಣವಾಗಿ ಅಲಂಕಾರವಾಗಿದೆ. ಅದು ಬಟ್ಟೆಯ ಬಾಳನ್ನು ಕಾಯುವ ಗಂಟೆಂಬ ನೆನಪು ಮಸುಕಾಗಿದೆ.

3. ಕತ್ತರಿಸದ ಬಟ್ಟೆಯ ತರ್ಕ

ಸೀರೆ, ಪಂಚೆ, ವಲ್ಲಿ, ಕಂಬಳಿ ಇವು ಕತ್ತರಿ ಕಾಣದ ಉಡುಪುಗಳು. ಇವನ್ನು ಹೊಲಿಗೆ ತಿಳಿಯದ ಕಾಲದ ಪಳೆಯುಳಿಕೆಗಳೆಂದು ವಿವರಿಸುವ ರೂಢಿಯೊಂದಿತ್ತು. ಅದು ಸರಿಯಲ್ಲ. ಹೊಲಿಗೆಯ ಕಸುಬು ನಮ್ಮಲ್ಲಿ ಪ್ರಾಚೀನವಾದುದು; ಶರಣರಲ್ಲಿ ಜೇಡರ ದಾಸಿಮಯ್ಯ, ಕದಿರ ರೆಮ್ಮವ್ವೆಯರ ಜೊತೆಗೆ ಸೂಜಿಕಾಯಕದ ರಾಮಿತಂದೆಯ ಹೆಸರೂ ಇದೆ. ನೇಯುವುದು, ನೂಲುವುದು, ಹೊಲಿಯುವುದು ಮೂರೂ ಕಾಯಕಗಳಾಗಿ ಗೌರವ ಪಡೆದಿದ್ದವು. ಹೀಗಿದ್ದೂ ಕತ್ತರಿಸದ ಬಟ್ಟೆ ಉಳಿದುಬಂದುದಕ್ಕೆ ಅದರದೇ ಆದ ತರ್ಕವಿದೆ.

ಹೊಲಿದ ಉಡುಪಿನಲ್ಲಿ ಮೊಣಕೈ, ಕಂಕುಳು, ಕೂರುವ ಭಾಗ ಇವು ಸದಾ ಒಂದೇ ಜಾಗದಲ್ಲಿರುತ್ತವೆ. ಆದ್ದರಿಂದ ಸವೆತವೂ ಅಲ್ಲಿಯೇ ಸೇರುತ್ತದೆ. ಸುತ್ತಿ ಉಡುವ ಬಟ್ಟೆಯಲ್ಲಿ ಪ್ರತಿ ಉಡಿಗೆಗೂ ನೆರಿಗೆ ಬೀಳುವ ಜಾಗ ಸ್ವಲ್ಪ ಬದಲಾಗುತ್ತದೆ. ಸವೆತ ಇಡೀ ಬಟ್ಟೆಗೆ ಹಂಚಿಹೋಗುತ್ತದೆ. ಎರಡು ಮೈಯೂ ಒಂದೇ ಆಗಿರುವ, ಮೇಲಂಚು ಕೆಳಂಚು ಸಮನಾಗಿರುವ ನೂಲಿನ ಸೀರೆಯನ್ನು ಮಗುಚಿ ಉಟ್ಟರೆ ನೆಲಕ್ಕೆ ತಾಗಿ ಸವೆದ ಅಂಚು ಮೇಲಕ್ಕೆ ಬರುತ್ತದೆ, ಗಟ್ಟಿಯಾಗಿ ಉಳಿದ ಅಂಚು ಕೆಳಗಿಳಿಯುತ್ತದೆ. ಒಂದು ಸೀರೆಯೊಳಗೆ ಹೀಗೆ ಎರಡು ಬಾಳುಗಳಿವೆ. ಹದಿನೆಂಟು ಮೊಳದ ಸೀರೆಯ ನಡುಭಾಗ ಹರಿದಾಗ ಆ ಭಾಗವನ್ನು ತೆಗೆದು ಉಳಿದೆರಡು ತುಂಡುಗಳನ್ನು ಕೂಡಿಸಿದರೆ ಗಿಡ್ಡನೆಯ ಸೀರೆಯೊಂದು ಸಿಗುತ್ತದೆ. ಕೂಡು ಬಿದ್ದ ಜಾಗ ನೆರಿಗೆಯೊಳಗೆ ಮರೆಯಾಗುವಂತೆ ಉಡುವುದು ಉಡುವವರ ಜಾಣ್ಮೆ.

ಕಂಬಳಿಯ ರಚನೆಯೂ ಇದೇ ಬಗೆಯದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕಂಬಳಿ ನೇಯ್ಗೆಯನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಕುರಿಯ ಉಣ್ಣೆಯನ್ನು ಕೈಯಲ್ಲಿ ನೂಲಿ, ಹಾಸಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುವ ಕ್ರಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸುತ್ತಮುತ್ತ ಹೆಸರುವಾಸಿಯಾದುದು. ಕಿರಿದಾದ ಮಗ್ಗದಲ್ಲಿ ನೇಯ್ದ ಎರಡು ಪಟ್ಟಿಗಳನ್ನು ಉದ್ದಕ್ಕೂ ಕೂಡಿಸಿ ಹೊಲಿದ ಕಂಬಳಿಗಳೂ ಇವೆ. ಇಂಥ ಕಂಬಳಿಯಲ್ಲಿ ಒಂದು ಪಟ್ಟಿ ಹಾಳಾದರೆ ಹೊಲಿಗೆ ಬಿಚ್ಚಿ ಇನ್ನೊಂದನ್ನು ಉಳಿಸಿಕೊಳ್ಳಬಹುದು. ಉಣ್ಣೆಯ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿಯುವುದರಿಂದ ತೂತು ಬೇಗನೆ ದೊಡ್ಡದಾಗುವುದಿಲ್ಲ. ದಬ್ಬಣ ಮತ್ತು ಅದೇ ಉಣ್ಣೆಯ ನೂಲಿನಿಂದ ಅದನ್ನು ಮುಚ್ಚಬಹುದು. ಮಳೆಯಲ್ಲಿ ಕೊಪ್ಪೆಯಾಗಿ, ರಾತ್ರಿ ಹೊದಿಕೆಯಾಗಿ, ಶುಭಕಾರ್ಯದಲ್ಲಿ ಗದ್ದುಗೆಯಾಗಿ ಬಳಕೆಯಾಗುವ ಕಂಬಳಿ ಯಾವ ಒಂದು ರೂಪಕ್ಕೂ ಕತ್ತರಿಸಲ್ಪಡದೆ ಇರುವುದರಿಂದಲೇ ಎಲ್ಲ ರೂಪಗಳಿಗೂ ಒದಗುತ್ತದೆ. ಮಲೆ ಮಾದೇಶ್ವರ ಕಾವ್ಯದಲ್ಲಿ ಬರುವ ಆಲಂಬಾಡಿ ಜುಂಜೇಗೌಡನು ಕುರುಬ ಸಮುದಾಯದವನು. ಕುರಿ ಸಾಕುವವರ ಬದುಕು ಈ ಸೀಮೆಯ ಮೌಖಿಕ ಪರಂಪರೆಯಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಅದು ಸಾಕ್ಷಿ.

4. ಹೊಲಿದ ಉಡುಪಿನಲ್ಲಿ ಮೀಸಲು ಬಟ್ಟೆ

ಕತ್ತರಿಸಿ ಹೊಲಿಯುವ ಉಡುಪಿಗೆ ಬಂದಾಗ ದುರಸ್ತಿಯ ಎಡೆಯನ್ನು ಬೇರೆ ರೀತಿಯಲ್ಲಿ ಕಲ್ಪಿಸಬೇಕಾಗುತ್ತದೆ. ಅದರ ವಿಧಾನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಒಳಗೆ ಉಳಿಸುವ ಬಟ್ಟೆ. ರವಿಕೆ ಹೊಲಿಯುವ ದರ್ಜಿ ಎರಡೂ ಪಕ್ಕಗಳಲ್ಲಿ ಒಂದು, ಒಂದೂವರೆ ಅಂಗುಲ ಬಟ್ಟೆಯನ್ನು ಒಳಗೆ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಮೂರು ಹೊಲಿಗೆ ಹಾಕುತ್ತಾನೆ. ಉಟ್ಟವಳ ಮೈ ತುಂಬಿದಂತೆ ಒಳಗಿನಿಂದ ಒಂದೊಂದೇ ಹೊಲಿಗೆಯನ್ನು ಬಿಚ್ಚಿದರೆ ಸಾಕು, ರವಿಕೆ ಸಡಿಲವಾಗುತ್ತದೆ. ಹೆಣ್ಣುಮಕ್ಕಳ ಲಂಗಕ್ಕೆ ಕೆಳಭಾಗದಲ್ಲಿ ಅಡ್ಡಡ್ಡವಾಗಿ ಟಕ್ಕು ಹಿಡಿಯುವುದೂ ಇದೇ ಕ್ರಮ. ಮಗು ಬೆಳೆದಂತೆ ವರ್ಷಕ್ಕೊಂದು ಟಕ್ಕು ಬಿಚ್ಚಿ ಲಂಗವನ್ನು ಉದ್ದ ಮಾಡುತ್ತಾರೆ. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತದೆ. ಹಳೆಯ ಲಂಗದ ಮೇಲಿನ ಆ ಪಟ್ಟಿಗಳನ್ನು ಎಣಿಸಿದರೆ ಅದು ಎಷ್ಟು ವರ್ಷ ಬಾಳಿತೆಂದು ಹೇಳಬಹುದು. ಈ ಉಡುಪು ಇಂದಿನ ಅಳತೆಗೆ ಮಾತ್ರವಲ್ಲ, ಮುಂದೆ ಬರಲಿರುವ ಅಳತೆಗೂ ಹೊಲಿದದ್ದು.

ಎರಡನೆಯದು ಸವೆಯಲೆಂದೇ ಇರಿಸುವ ಭಾಗ. ಸೀರೆಯ ಕೆಳಂಚಿಗೆ ಒಳಗಿನಿಂದ ಹೊಲಿಯುವ ಫಾಲ್ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ನೆಲದ ಉಜ್ಜಾಟವನ್ನು ಆ ಪಟ್ಟಿ ತಾನು ತಿಂದು ಸೀರೆಯನ್ನು ಕಾಯುತ್ತದೆ. ಅದು ಹಾಳಾದಾಗ ಬಿಚ್ಚಿ ಹೊಸದನ್ನು ಹಾಕುತ್ತಾರೆ. ಹಳೆಯ ಮಾದರಿಯ ಅಂಗಿಗಳಲ್ಲಿ ಕಂಕುಳಿಗೆ ಬೇರೆಯದೇ ಒಂದು ತುಂಡನ್ನು ಕೂಡಿಸುತ್ತಿದ್ದರು. ತೋಳನ್ನು ಸಲೀಸಾಗಿ ಎತ್ತಲು ಅದು ಅನುಕೂಲ. ಜೊತೆಗೆ ಬೆವರಿನಿಂದ ಮೊದಲು ಕೊಳೆಯುವ ಆ ಭಾಗವನ್ನಷ್ಟೇ ಬದಲಿಸಲೂ ಸಾಧ್ಯ.

ಮೂರನೆಯದು ಮಗುಚುವ ಭಾಗ. ಅಂಗಿಯ ಕಾಲರು ಕುತ್ತಿಗೆಗೆ ಉಜ್ಜಿ ಸವೆದಾಗ ದರ್ಜಿ ಅದನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಕೂಡಿಸುತ್ತಾನೆ. ಇದು ಸಾಧ್ಯವಾಗುವುದು ಕಾಲರಿನ ಎರಡೂ ಪದರಗಳು ಒಂದೇ ಬಟ್ಟೆಯವಾಗಿದ್ದು, ಬಿಚ್ಚಬಲ್ಲ ಹೊಲಿಗೆಯಿಂದ ಕೂಡಿದ್ದಾಗ ಮಾತ್ರ. ಕೊಳ್ಳೇಗಾಲದಂಥ ರೇಷ್ಮೆಯ ಊರುಗಳಲ್ಲಿ ನೇಯುವ ಜರಿ ಸೀರೆಗಳ ಎರಡನೆಯ ಬಾಳೂ ಇಂಥ ಬಿಚ್ಚುವಿಕೆಯಲ್ಲೇ ಇದೆ. ಒಡಲು ಜೀರ್ಣವಾದರೂ ಗಟ್ಟಿಯಾಗಿ ಉಳಿದ ಜರಿಯಂಚನ್ನು ಬಿಡಿಸಿ ಬೇರೆ ಬಟ್ಟೆಗೆ ಕೂಡಿಸುತ್ತಾರೆ. ಬೆಳ್ಳಿಯ ಜರಿಯಿದ್ದರೆ ಅದನ್ನು ಕೊಳ್ಳುವ ವ್ಯಾಪಾರಿಗಳೂ ಇದ್ದಾರೆ. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯನ್ನು ಆಗಾಗ ತೆಗೆದು ಮಡಿಕೆ ಬದಲಿಸಿ ಇಡುವ ರೂಢಿಯನ್ನೂ ಇಲ್ಲಿಯೇ ನೆನೆಯಬೇಕು. ರೇಷ್ಮೆ ಹರಿಯುವುದು ಬಹುಸಲ ಉಟ್ಟಲ್ಲಲ್ಲ, ಮಡಿಸಿದಲ್ಲಿ.

5. ಸೂಜಿಯ ಕೆಲಸ: ರಫು, ತೇಪೆ, ಕೂಡು

ಬಟ್ಟೆ ಹರಿದ ಮೇಲೆ ನಡೆಯುವ ದುರಸ್ತಿಯಲ್ಲಿ ರಫು, ತೇಪೆ, ಕೂಡು ಎಂಬ ಮೂರು ಬಗೆಗಳಿವೆ. ರಫು ಎಂದರೆ ತೂತಿನ ಜಾಗದಲ್ಲಿ ಸೂಜಿಯಿಂದಲೇ ಹಾಸು ಹೊಕ್ಕುಗಳನ್ನು ಮತ್ತೆ ನೇಯುವುದು. ಮೊದಲು ಉದ್ದಕ್ಕೆ ಎಳೆಗಳನ್ನು ಎಳೆದು, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ಸೂಜಿ ಹಾಯಿಸಿ ತೂತನ್ನು ಮುಚ್ಚುತ್ತಾರೆ. ಇದು ಪುಟ್ಟ ಮಗ್ಗವನ್ನೇ ಬಟ್ಟೆಯ ಮೇಲೆ ಹೂಡಿದಂತೆ. ರಫಿಗೆ ಬೇಕಾದ ನೂಲನ್ನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆದು ತೆಗೆಯುವುದು ಒಳ್ಳೆಯ ಕೈಗಾರರ ಕ್ರಮ. ಬಣ್ಣವೂ ಸವೆತವೂ ಆಗ ಹೊಂದಿಕೊಳ್ಳುತ್ತವೆ. ಒಳಗೆ ಉಳಿಸಿದ ಬಟ್ಟೆಯ ಇನ್ನೊಂದು ಪ್ರಯೋಜನ ಇಲ್ಲಿ ಕಾಣುತ್ತದೆ.

ತೇಪೆಯ ವಿದ್ಯೆಯಲ್ಲಿ ಮುಖ್ಯವಾದುದು ತುಂಡಿನ ಆಯ್ಕೆ. ಹಳೆಯ ಬಟ್ಟೆಗೆ ಹೊಸ ಗಟ್ಟಿ ತುಂಡನ್ನು ಹಚ್ಚಿದರೆ ತೇಪೆ ಉಳಿದು ಅದರ ಸುತ್ತಲಿನ ಬಟ್ಟೆ ಹರಿಯುತ್ತದೆ. ತೊಳೆದಾಗ ಹೊಸ ತುಂಡು ಕುಗ್ಗಿ ಹಳೆಯದನ್ನು ಜಗ್ಗುತ್ತದೆ. ಆದ್ದರಿಂದ ತೇಪೆಗೆ ತೊಳೆದು ಮೆದುವಾದ ಹಳೆಯ ತುಂಡನ್ನೇ ಆರಿಸುತ್ತಾರೆ, ಅದರ ಎಳೆಗಳು ಮೂಲ ಬಟ್ಟೆಯ ಎಳೆಗಳ ದಿಕ್ಕಿನಲ್ಲೇ ಬರುವಂತೆ ಇಡುತ್ತಾರೆ, ಹರಿದ ಅಂಚಿಗೆ ಹೊಲಿಯದೆ ಅದರಾಚೆಯ ಗಟ್ಟಿ ನೆಲೆಗೆ ಹೊಲಿಯುತ್ತಾರೆ. ಕೂಡು ಎಂದರೆ ಹಾಳಾದ ಭಾಗವನ್ನು ತೆಗೆದು ಉಳಿದ ಭಾಗಗಳನ್ನು ಸೇರಿಸುವುದು. ನಡುವೆ ಸವೆದ ದುಪ್ಪಟಿಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಅಂಚುಗಳನ್ನು ನಡುವಿಗೆ ತಂದು ಕೂಡಿಸುವುದು ಇದರ ಒಂದು ರೂಪ. ಈ ಮೂರು ಕ್ರಮಗಳೂ ನೇಯ್ದ ಬಟ್ಟೆಗೆ ಹೊಂದುವಂಥವು ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

6. ಇಳಿಯುವ ಬಾಳು

ಉಡಲು ಬಾರದಾದ ಬಟ್ಟೆ ಬಟ್ಟೆಯಾಗಿ ಸಾಯುವುದಿಲ್ಲ. ಮೆತ್ತಗಾದ ಹಳೆಯ ಸೀರೆ ಕೂಸಿನ ಜೋಲಿಯಾಗುತ್ತದೆ. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ, ಹಲವು ಬಾರಿ ಒಗೆದ ಹಳೆಯ ಬಟ್ಟೆಯನ್ನು. ಆಮೇಲೆ ಅದು ತಲೆಯ ಮೇಲಿನ ಸಿಂಬಿ, ಒಲೆಯ ಬಳಿಯ ಮಸಿಬಟ್ಟೆ, ಕೊನೆಗೆ ಜಾತ್ರೆಯ ಪಂಜು. ಪಂಜು ಕಟ್ಟಿ ಹಿಡಿಯುವ ಹೊಣೆ ಅನೇಕ ಊರುಗಳಲ್ಲಿ ಮಡಿವಾಳರದು. ಊರಿನ ಬಟ್ಟೆಯನ್ನು ಒಗೆದವರೇ ಅದರ ಕೊನೆಯ ಬೆಳಕನ್ನೂ ಹಿಡಿಯುತ್ತಾರೆ.

ಈ ಇಳಿಕೆಯ ಹಾದಿಯಲ್ಲಿ ಮರುಹುಟ್ಟು ಪಡೆಯುವ ವಸ್ತು ಕೌದಿ ಅಥವಾ ಬೊಂತೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಹೊರ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಗೆ ಹಾಕುತ್ತಾರೆ. ಹೊಲಿಗೆಗಳು ಒತ್ತಾಗಿರುವುದರಿಂದ ಒಂದು ಕಡೆ ದಾರ ಕಡಿದರೂ ಪದರಗಳು ಜಾರುವುದಿಲ್ಲ. ಮೇಲ್ಪದರ ಸವೆದ ಕಡೆ ಇನ್ನೊಂದು ತುಂಡನ್ನು ಹಚ್ಚಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕವಂದಿಗಳಲ್ಲಿ ಮೂಲೆಗಳಿಗೆ ಮಡಿಸಿದ ತ್ರಿಕೋನದ ತುಂಡುಗಳನ್ನು ಕೂಡಿಸದೆ ಕೆಲಸ ಪೂರ್ಣವಾಗುವುದಿಲ್ಲ. ಜಪಾನಿನ ಬೊರೊ, ಬಂಗಾಳದ ಕಾಂಥಾಗಳೂ ಇದೇ ಮನೋಧರ್ಮದ ಸೋದರರು. ಕಾಂಥಾದ ಮೂಲವಾದ ಕಂಥಾ ಶಬ್ದ ‘ಕಂಥೆ’ಯಾಗಿ ಕನ್ನಡದಲ್ಲಿಯೂ ಇದೆ, ಜೋಗಿಗಳು ಹೊದೆಯುವ ತೇಪೆಯ ಬಟ್ಟೆಗೆ ಆ ಹೆಸರು.

7. ತೇಪೆಯ ಇನ್ನೊಂದು ಮುಖ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಗತವೈಭವದ ವರ್ಣನೆಯಾದೀತು. ದುರಸ್ತಿಯ ಇತಿಹಾಸದಲ್ಲಿ ನೋವಿನ ಭಾಗವೂ ಇದೆ. ಆಯಗಾರಿಕೆಯ ವ್ಯವಸ್ಥೆಯಲ್ಲಿ ದುಡಿದವರಿಗೆ ಕಾಳಿನ ಜೊತೆಗೆ ಉಳ್ಳವರ ಹಳೆಯ ಬಟ್ಟೆಯೂ ಕೂಲಿಯ ಭಾಗವಾಗಿ ಬರುತ್ತಿತ್ತು. ಹೊಸ ಬಟ್ಟೆಯನ್ನು ಕೊಳ್ಳುವ ಶಕ್ತಿಯಷ್ಟೇ ಅಲ್ಲ, ಉಡುವ ಹಕ್ಕೂ ಕೆಲವು ಸಮುದಾಯಗಳಿಗೆ ಇರಲಿಲ್ಲ. ತಮ್ಮ ಆಯ್ಕೆಯಿಂದ ತೇಪೆ ಹಾಕಿಕೊಂಡ ಜೋಗಿಯ ಕಂಥೆಯೂ ಬೇರೆ ಬಟ್ಟೆ ಇಲ್ಲದ ಜೀತದಾಳಿನ ತೇಪೆಯೂ ಕಣ್ಣಿಗೆ ಒಂದೇ ಆಗಿ ಕಂಡರೂ ಅರ್ಥದಲ್ಲಿ ಒಂದೇ ಅಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಮಹಿಳೆಯರನ್ನು ಉದ್ದೇಶಿಸಿ, ಜಾತಿಯನ್ನು ಸಾರುವ ರೀತಿಯಲ್ಲಿ ಸೀರೆ ಉಡುವುದನ್ನು ಬಿಡಬೇಕೆಂದು ಹೇಳಿದ್ದರು. ಉಡುಪು ಅವಮಾನದ ಗುರುತಾಗಿದ್ದವರಿಗೆ ಹಳೆಯದನ್ನು ಉಳಿಸಿಕೊಳ್ಳಿ ಎಂಬ ಉಪದೇಶ ಹಿತವಾಗಿ ಕೇಳಿಸಲಾರದು. ಅಗ್ಗದ ಸಿದ್ಧ ಉಡುಪು ಹಳ್ಳಿಗಳಿಗೆ ಬಂದಾಗ ಅದರಲ್ಲಿ ಬಿಡುಗಡೆಯ ಅಂಶವೊಂದಿತ್ತು ಎಂಬುದನ್ನು ಸಂಶೋಧಕರು ಒಪ್ಪಲೇಬೇಕು.

ಕನ್ನಡ ಭಾಷೆಯ ಬಳಕೆಯೇ ಈ ಇಬ್ಬಗೆಯನ್ನು ತೋರುತ್ತದೆ. ‘ಹಾಸುಹೊಕ್ಕು’ ಎಂಬ ನೇಕಾರರ ಮಾತು ಆಳವಾಗಿ ಬೆರೆತಿರುವುದನ್ನು ಸೂಚಿಸುವ ಮನ್ನಣೆಯ ನುಡಿಯಾಯಿತು. ‘ತೇಪೆ ಹಚ್ಚುವುದು’ ಎಂಬುದಾದರೋ ಅರೆಮನಸ್ಸಿನ, ತೋರಿಕೆಯ ಪರಿಹಾರಕ್ಕೆ ನಿಂದೆಯ ಮಾತಾಗಿ ನಿಂತಿತು. ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂಬ ಗಾದೆ ಹರಿಯುವವರ ಪಾಡನ್ನು ಹೇಳುತ್ತದೆ. ಹರಿದುದನ್ನು ಕೂಡಿಸಿದವರ ಪಾಡು ಗಾದೆಯಲ್ಲಿಲ್ಲ. ಮೇಲೆ ವಿವರಿಸಿದ ತೇಪೆಯ ನಿಯಮಗಳನ್ನು ನೋಡಿದರೆ ಅದು ಅರೆಮನಸ್ಸಿನ ಕೆಲಸವಲ್ಲವೆಂಬುದು ಸ್ಪಷ್ಟ. ಹೀಗೆ ಕೆಲಸದ ಬಗೆಗಿನ ತಿರಸ್ಕಾರ ಮತ್ತು ಕೆಲಸ ಮಾಡಿದವರ ಬಗೆಗಿನ ತಿರಸ್ಕಾರ ಒಂದರೊಳಗೊಂದು ಸೇರಿಕೊಂಡಿವೆ.

8. ಇಂದಿನ ಬದಲಾವಣೆ

ಇಂದು ದುರಸ್ತಿ ಕಡಿಮೆಯಾಗಿರುವುದಕ್ಕೆ ಜನರ ಮನೋಭಾವ ಬದಲಾದುದೊಂದೇ ಕಾರಣವೆಂದು ಹೇಳುವುದು ಅರ್ಧಸತ್ಯ. ಬಟ್ಟೆಯ ರಚನೆಯೇ ಬದಲಾಗಿದೆ. ಬನಿಯನ್, ಟೀ ಶರ್ಟುಗಳ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಅದರಲ್ಲಿ ಒಂದು ಕುಣಿಕೆ ಕಡಿದರೆ ಸಾಲಿನ ಉಳಿದ ಕುಣಿಕೆಗಳೂ ಬಿಚ್ಚಿಕೊಳ್ಳುತ್ತ ಹೋಗುತ್ತವೆ. ಹಾಸು ಹೊಕ್ಕುಗಳಿಲ್ಲದ ಆ ಬಟ್ಟೆಗೆ ಮಾಮೂಲಿ ರಫು ಹೊಂದುವುದಿಲ್ಲ. ಓವರ್‌ಲಾಕ್ ಯಂತ್ರವು ಅಂಚನ್ನು ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಹಾಕುತ್ತದೆ; ಒಳಗೆ ಉಳಿಸಿದ ಬಟ್ಟೆ ಇಲ್ಲದಿರುವುದರಿಂದ ಸಡಿಲಿಸಲು ಎಡೆಯಿಲ್ಲ, ರಫಿಗೆ ನೂಲಿಲ್ಲ. ಕಾಲರಿನೊಳಗೆ ಅಂಟಿಸಿದ ಗಟ್ಟಿ ಪದರ ಅದನ್ನು ಬಿಚ್ಚಿ ಮಗುಚಲು ತೊಡಕಾಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಬೇಗ ಹರಿಯದಿದ್ದರೂ ಹಳತಾದಾಗ ಹತ್ತಿಯಂತೆ ಮೆತ್ತಗಾಗಿ ಬೆವರು ನೀರು ಹೀರದು. ಜೋಲಿಗೂ ಮಸಿಬಟ್ಟೆಗೂ ಅದು ಒದಗುವುದಿಲ್ಲ. ಇಳಿಯುವ ಬಾಳಿನ ಮೆಟ್ಟಿಲುಗಳು ಹೀಗೆ ಒಂದೊಂದಾಗಿ ಕಳಚಿವೆ.

ಈ ಪ್ರಶ್ನೆ ಈಗ ಜಗತ್ತಿನ ಇತರೆಡೆಗಳಲ್ಲಿಯೂ ಚರ್ಚೆಯಲ್ಲಿದೆ. ಫ್ರಾನ್ಸ್ ದೇಶದಲ್ಲಿ 2023ರ ನವೆಂಬರಿನಿಂದ ಬಟ್ಟೆ ಮತ್ತು ಪಾದರಕ್ಷೆಗಳ ದುರಸ್ತಿಗೆ ಗ್ರಾಹಕರಿಗೆ ಧನಸಹಾಯ ಕೊಡುವ ಯೋಜನೆ ಆರಂಭವಾಯಿತು. ನಮ್ಮಲ್ಲಿ ಮಾಂಬಳ್ಳಿಗೆ ದೂರವಲ್ಲದ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ, ಹಳೆಯ ಖಾದಿ ಕೇಂದ್ರದ ನೆಲೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 2015ರಲ್ಲಿ ನಡೆದ ಸತ್ಯಾಗ್ರಹ ಕೈಉತ್ಪನ್ನಗಳ ಹಾಗೂ ಸುಸ್ಥಿರ ಬದುಕಿನ ಪ್ರಶ್ನೆಯನ್ನು ಎತ್ತಿತು. ಆದರೆ ಕೈಯಿಂದ ಮಾಡುವುದರ ಬಗ್ಗೆ ನಡೆದಷ್ಟು ಚಿಂತನೆ ಕೈಯಿಂದ ಸರಿಪಡಿಸುವುದರ ಬಗ್ಗೆ ಇನ್ನೂ ನಡೆಯಬೇಕಾಗಿದೆ.

9. ದಾಖಲಾತಿಯ ಪ್ರಶ್ನೆ

ಜಾನಪದ ವಿದ್ವಾಂಸರ ಹೊಣೆ ಇರುವುದು ಇಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ, ರಾಮನಗರದ ಜಾನಪದ ಲೋಕ 1994ರಲ್ಲಿ ರೂಪುಗೊಂಡವು; 2011ರಲ್ಲಿ ಜಾನಪದಕ್ಕಾಗಿಯೇ ವಿಶ್ವವಿದ್ಯಾಲಯವೊಂದು ಗೊಟಗೋಡಿಯಲ್ಲಿ ಆರಂಭವಾಯಿತು. ಇಂಥ ಸಂಸ್ಥೆಗಳಿಂದ ನಮ್ಮ ಭೌತಿಕ ಸಂಸ್ಕೃತಿಯ ಬಹುಭಾಗ ಉಳಿದಿದೆ. ಆದರೆ ಸಂಗ್ರಹದ ಸಹಜ ಒಲವು ಹಾಳಾಗದ, ಸುಂದರವಾದ ಮಾದರಿಯ ಕಡೆಗೆ. ಹಾಳಾಗದ ಸೀರೆ ಎಂದರೆ ಬಹುಸಲ ಉಡದ ಸೀರೆ; ಅದು ನೇಕಾರರ ಕೆಲಸವನ್ನು ತೋರುತ್ತದೆಯೇ ಹೊರತು ಉಟ್ಟವರ ಕೆಲಸವನ್ನು ತೋರುವುದಿಲ್ಲ. ಹತ್ತು ಕಡೆ ರಫು ಮಾಡಿದ ಪಂಚೆ, ಟಕ್ಕು ಬಿಚ್ಚಿದ ಗುರುತಿರುವ ಲಂಗ, ಕೂಡು ಹಾಕಿದ ಸೀರೆ ಇವು ಮೌಖಿಕ ಪಠ್ಯಗಳಷ್ಟೇ ಮಹತ್ವದ ದಾಖಲೆಗಳು. ಪ್ರತಿಯೊಂದು ಹೊಲಿಗೆಯೂ ಒಂದು ಪಾಠಾಂತರ.

ಈ ನಿಟ್ಟಿನಲ್ಲಿ ಮೂರು ಸಲಹೆಗಳನ್ನು ಇಲ್ಲಿ ಮಂಡಿಸಬಹುದು. ಒಂದು, ಸಂಗ್ರಹಾಲಯಗಳು ದುರಸ್ತಿಯಾದ ಉಡುಪುಗಳನ್ನು ಬೇರೆ ವಿಭಾಗವಾಗಿ ಸಂಗ್ರಹಿಸಿ, ಎಲ್ಲಿ ಸವೆದಿದೆ, ಹೇಗೆ ಕೂಡಿಸಿದೆ, ಯಾವ ನೂಲು ಬಳಸಿದೆ ಎಂಬುದನ್ನು ವಿವರಪಟ್ಟಿಯಲ್ಲಿ ಬರೆಯಬೇಕು. ಶುಚಿಗೊಳಿಸುವ ಹೆಸರಿನಲ್ಲಿ ಹಳೆಯ ತೇಪೆಗಳನ್ನು ತೆಗೆಯಬಾರದು. ಎರಡು, ಕೆಚ್ಚುವವರು, ನೂಲು ಬಿಚ್ಚುವವರು, ರಫು ಮಾಡುವವರು, ಕೌದಿ ಹೊಲಿಯುವವರು, ಹಳ್ಳಿಯ ದರ್ಜಿಗಳು ಬಳಸುವ ವೃತ್ತಿಪದಗಳನ್ನು ಪ್ರದೇಶವಾರು ಸಂಗ್ರಹಿಸಬೇಕು. ಕಸುಬು ನಿಂತ ಮೇಲೆ ಮೊದಲು ಮರೆಯಾಗುವುದು ಕ್ರಿಯಾಪದ. ಮೂರು, ಬಡತನ ಮತ್ತು ಜಾತಿಯ ಒತ್ತಾಯದಿಂದ ನಡೆದ ದುರಸ್ತಿಯನ್ನೂ ಸ್ವಂತ ಆಯ್ಕೆಯಿಂದ ನಡೆದ ದುರಸ್ತಿಯನ್ನೂ ಬೆರೆಸದೆ, ಯಾರು ಯಾರಿಗಾಗಿ ಹೊಲಿದರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

ಒಟ್ಟಾರೆಯಾಗಿ ಹೇಳುವುದಾದರೆ, ಬಾಳಿಕೆ ಬರುವ ಉಡುಪು ಎಂದರೆ ಹರಿಯದ ಉಡುಪು ಎಂದಲ್ಲ. ಹರಿದಾಗ ಸೂಜಿಗೆ ದಾರಿ ಬಿಡುವ ಉಡುಪು. ಆ ದಾರಿಯನ್ನು ಬಿಚ್ಚಾಣಿಕೆಯವರು ನೂಲಿನಲ್ಲಿ, ನೇಕಾರರು ಹಾಸಿನಲ್ಲಿ, ದರ್ಜಿ ಒಳಮಡಿಕೆಯಲ್ಲಿ, ಮನೆಯ ಹೆಂಗಸರು ತೇಪೆಯಲ್ಲಿ ಸರದಿಯಂತೆ ಕಾಯ್ದುಕೊಂಡು ಬಂದರು. ಮಾಂಬಳ್ಳಿ, ಕೊಳ್ಳೇಗಾಲ, ಹನೂರು ಸೀಮೆಗಳಲ್ಲಿ ಈ ಕೆಲಸಗಳನ್ನು ಕೈಯಾರೆ ಮಾಡಿ ಬಲ್ಲ ಹಿರಿಯರು ಇರುವಾಗಲೇ ಅವರ ಮಾತನ್ನೂ ಕೈಚಳಕವನ್ನೂ ದಾಖಲಿಸಿಕೊಳ್ಳುವುದು ತುರ್ತಿನ ಕೆಲಸ. ಹಾಡನ್ನು ಕಳೆದುಕೊಂಡ ಪ್ರದೇಶಗಳ ಪಟ್ಟಿಯನ್ನು ನಾವು ಈಗಾಗಲೇ ಬರೆದಿದ್ದೇವೆ. ಹೊಲಿಗೆಯ ವಿಷಯದಲ್ಲಿಯೂ ಅಂಥದೇ ಪಟ್ಟಿಯನ್ನು ಬರೆಯುವ ಸ್ಥಿತಿ ಬಾರದಿರಲಿ.